ಅಗಲಿದವರಿಗೂ ಒಂದು ಸ್ಥಾನ

ಜಪಾನಿನ ಒಂದು ಟಿ.ವಿ. ಧಾರಾವಾಹಿಯಲ್ಲಿ ದಡೂತಿ ಬಿಳಿ ನಾಯಿಯೊಂದಿದೆ. ಅದರ ಹೆಸರು ಸೋಯಿಚಿರೊ. ನಾಯಿಗೇಕೆ ಮನುಷ್ಯರ ಹೆಸರು ಎಂದು ಮೊದಲು ನಗು ಬರುತ್ತದೆ. ಅದು ಒಡತಿಯ ತೀರಿಕೊಂಡ ಗಂಡನ ಹೆಸರು ಎಂದು ಗೊತ್ತಾದಾಗ ನಗು ನಿಂತುಹೋಗುತ್ತದೆ.

ಧಾರಾವಾಹಿಯ ಹೆಸರು ‘ಮೇಜೋನ್ ಇಕ್ಕೊಕು’. ಇದರ ಮೂಲ ಒಂದು ಚಿತ್ರಕಥೆ. ರುಮಿಕೊ ತಕಹಾಶಿ ಎಂಬ ಲೇಖಕಿ 1980ರಿಂದ 1987ರವರೆಗೆ ಪತ್ರಿಕೆಯೊಂದರಲ್ಲಿ ಇದನ್ನು ಬರೆದು ಚಿತ್ರಿಸಿದರು. ಇಂಥ ಚಿತ್ರಕಥೆಗೆ ಜಪಾನಿನಲ್ಲಿ ‘ಮಾಂಗಾ’ ಎನ್ನುತ್ತಾರೆ. ಅದು ಆನಿಮೇಷನ್ ರೂಪ ತಾಳಿದರೆ ‘ಅನಿಮೆ’. ಅನಿಮೆಯಾಗಿ ಇದು 1986ರಿಂದ 1988ರವರೆಗೆ 96 ಕಂತುಗಳಲ್ಲಿ ಪ್ರಸಾರವಾಯಿತು. ಕಾರ್ಟೂನ್ ಎಂದರೆ ಹೊಡೆದಾಟ, ಇಲ್ಲವೇ ಬೆಕ್ಕು-ಇಲಿಯ ಓಟ ಎಂದು ತಿಳಿದ ಹಿರಿಯರಿಗೆ ಇದು ಬೇರೆಯೇ ಲೋಕ. ಇಲ್ಲಿ ರೋಬಾಟ್ ಇಲ್ಲ, ರಾಕ್ಷಸರಿಲ್ಲ. ಇರುವುದು ಒಂದು ವಠಾರ, ಅದರಲ್ಲಿ ಕೆಲವು ಸಾಮಾನ್ಯ ಜನ.

ಟೋಕಿಯೊ ಅಂಚಿನ ಹಳೆಯ ಮರದ ಕಟ್ಟಡ. ನೆತ್ತಿಯ ಮೇಲೊಂದು ಕೆಟ್ಟು ನಿಂತ ಗಡಿಯಾರ. ಬಾಡಿಗೆದಾರರ ಹೆಸರುಗಳಲ್ಲಿ ಲೇಖಕಿ ಒಂದು ಲೆಕ್ಕದಾಟ ಅಡಗಿಸಿಟ್ಟಿದ್ದಾರೆ. ಜಪಾನಿ ಭಾಷೆಯಲ್ಲಿ ‘ಇಚಿ’ ಎಂದರೆ ಒಂದು; ಒಂದನೇ ಕೋಣೆಯಲ್ಲಿ ಇಚಿನೊಸೆ. ‘ಗೊ’ ಎಂದರೆ ಐದು. ಐದನೇ ಕೋಣೆಯಲ್ಲಿ ಗೊಡಾಯ್. ‘ರೊಕು’ ಎಂದರೆ ಆರು; ಆರರಲ್ಲಿ ರೊಪ್ಪೊಂಗಿ. ವಠಾರ ನೋಡಿಕೊಳ್ಳಲು ಬರುವ ತರುಣಿ ಕ್ಯೋಕೊ ಒಟೊನಾಶಿ. ‘ನಾಶಿ’ ಎಂದರೆ ‘ಇಲ್ಲ’. ಅಂದರೆ ಅವಳು ಸೊನ್ನೆ. ಈ ಸೊನ್ನೆಯನ್ನು ನೆನಪಿಟ್ಟುಕೊಳ್ಳಿ.

ಕಥಾನಾಯಕ ಗೊಡಾಯ್ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ ಹುಡುಗ. ಮತ್ತೆ ಪರೀಕ್ಷೆಗೆ ಓದುತ್ತಾ ಕೂತವರಿಗೆ ಅಲ್ಲಿ ‘ರೋನಿನ್’ ಎನ್ನುತ್ತಾರೆ. ಹಿಂದೆ ಒಡೆಯನಿಲ್ಲದೆ ಅಲೆಯುವ ಯೋಧನಿಗೆ ಇದ್ದ ಹೆಸರದು. ನೆರೆಯವರ ಗದ್ದಲ ತಾಳಲಾರದೆ ಅವನು ವಠಾರ ಬಿಡಲು ಹೊರಟ ದಿನವೇ ಕ್ಯೋಕೊ ಬರುತ್ತಾಳೆ. ಅವನು ಗಂಟುಮೂಟೆ ಬಿಚ್ಚಿ ಅಲ್ಲೇ ಉಳಿಯುತ್ತಾನೆ.

ಆದರೆ ಕ್ಯೋಕೊ ವಿಧವೆ. ಅವಳು ಹೈಸ್ಕೂಲಿನಲ್ಲಿದ್ದಾಗ ಭೂವಿಜ್ಞಾನ ಕಲಿಸಲು ತಾತ್ಕಾಲಿಕವಾಗಿ ಬಂದ ಮೇಷ್ಟ್ರು ಸೋಯಿಚಿರೊ. ಶಾಲೆ ಮುಗಿದ ಮೇಲೆ, ಹೆತ್ತವರ ವಿರೋಧದ ನಡುವೆ, ಅವರನ್ನೇ ಮದುವೆಯಾದಳು. ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು. ಅವರ ಹಿಂದೆಯೇ ಮನೆಗೆ ಬಂದಿದ್ದ ನಾಯಿಗೆ ಅವರಿಟ್ಟ ಹೆಸರು ‘ಶಿರೊ’, ಅಂದರೆ ಬಿಳಿ. ನಾಯಿ ಆ ಹೆಸರಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಹೆಂಡತಿ ಗಂಡನನ್ನು ‘ಸೋಯಿಚಿರೊ ಸಾನ್’ ಎಂದು ಕರೆದಾಗ ಮಾತ್ರ ಓಗೊಡುತ್ತಿತ್ತು! ಅವರು ಹೋದ ಮೇಲೆ ಆ ಹೆಸರು ನಾಯಿಗೇ ಉಳಿಯಿತು. ದಿನವೂ ಆ ಹೆಸರು ಕರೆಯಲು ಅವಳಿಗೊಂದು ನೆಪ ಸಿಕ್ಕಿತು.

ಮಾವನೂ, ಹೆತ್ತವರೂ ‘ನೀನಿನ್ನೂ ಚಿಕ್ಕವಳು, ಮತ್ತೆ ಮದುವೆಯಾಗು’ ಎನ್ನುತ್ತಾರೆ. ಅವಳಿಗಿರುವ ತೊಡಕು ಸಮಾಜದ್ದಲ್ಲ, ಮನಸ್ಸಿನದು. ಇನ್ನೊಬ್ಬರನ್ನು ಪ್ರೀತಿಸಿದರೆ ಮೊದಲಿನ ಪ್ರೀತಿ ಸುಳ್ಳಾಗುವುದಿಲ್ಲವೇ? ಗೊಡಾಯ್‌ನ ತೊಡಕು ಇನ್ನೊಂದು ಬಗೆಯದು. ಬದುಕಿರುವವರು ತಪ್ಪು ಮಾಡುತ್ತಾರೆ. ತೀರಿಕೊಂಡವರು ಇನ್ನು ತಪ್ಪು ಮಾಡಲಾರರು. ಅಂಥವರೊಡನೆ ಸ್ಪರ್ಧಿಸಿ ಗೆಲ್ಲುವುದು ಹೇಗೆ? ಸೋಯಿಚಿರೊ ಮುಖವನ್ನು ಲೇಖಕಿ ಎಲ್ಲಿಯೂ ಸ್ಪಷ್ಟವಾಗಿ ತೋರಿಸುವುದಿಲ್ಲ. ಅದು ನೆರಳಿನಲ್ಲೇ ಉಳಿಯುತ್ತದೆ.

ದುಃಖದ ಬಗ್ಗೆ ಮನೋವಿಜ್ಞಾನವೂ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಿದೆ. ಅಗಲಿದವರಿಂದ ಮನಸ್ಸನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳುವುದೇ ದುಃಖದ ಕೆಲಸ ಎಂದು ಸಿಗ್ಮಂಡ್ ಫ್ರಾಯ್ಡ್ 1917ರ ಪ್ರಬಂಧದಲ್ಲಿ ವಿವರಿಸಿದರು. 1920ರಲ್ಲಿ ಅವರ ಮಗಳು ಸೋಫಿ ಜ್ವರದಿಂದ ತೀರಿಕೊಂಡಳು. 1929ರಲ್ಲಿ, ಮಗನನ್ನು ಕಳೆದುಕೊಂಡ ಮಿತ್ರ ಬಿನ್ಸ್‌ವಾಂಗರ್‌ಗೆ ಬರೆದ ಕಾಗದದಲ್ಲಿ ಫ್ರಾಯ್ಡ್ ಬೇರೆ ಮಾತು ಹೇಳಿದರು. ದುಃಖದ ತೀವ್ರತೆ ಇಳಿಯುತ್ತದೆ, ಆದರೆ ಹೋದವರ ಜಾಗವನ್ನು ಬೇರೆ ಯಾರೂ ಪೂರ್ತಿಯಾಗಿ ತುಂಬಲಾರರು, ಅದು ಹಾಗಿರುವುದೇ ಸರಿ ಎಂಬುದು ಅದರ ಸಾರ. ಸಿದ್ಧಾಂತ ಬರೆದವರು ತಂದೆಯಾಗಿ ಕಲಿತ ಪಾಠವದು. ಮುಂದೆ 1996ರಲ್ಲಿ ಕ್ಲಾಸ್, ಸಿಲ್ವರ್‌ಮನ್ ಮತ್ತು ನಿಕ್‌ಮನ್ ಎಂಬ ಮೂವರು ಹೊರತಂದ ಪುಸ್ತಕವು, ಅಗಲಿದವರೊಡನೆ ನಂಟು ಕಡಿಯಲೇಬೇಕೆಂದಿಲ್ಲ, ಅದು ರೂಪ ಬದಲಿಸಿ ಮುಂದುವರಿಯುವುದು ಸಹಜ ಎಂದು ವಾದಿಸಿತು. ತಕಹಾಶಿ ಅವರ ಕಥೆ ಅಷ್ಟರಲ್ಲಿ ಮುಗಿದು ಒಂಬತ್ತು ವರ್ಷವಾಗಿತ್ತು.

ಕಥೆಯಲ್ಲಿ ವರ್ಷಗಳು ಉರುಳುತ್ತವೆ, ಪಾತ್ರಗಳಿಗೂ ವಯಸ್ಸಾಗುತ್ತದೆ. ಗೊಡಾಯ್ ಕಾಲೇಜು ಸೇರಿ ಪದವಿ ಪಡೆಯುತ್ತಾನೆ. ಕೆಲಸ ಸಿಗದೆ ಅಲೆಯುತ್ತಾನೆ. ಕೊನೆಗೆ ಪುಟ್ಟ ಮಕ್ಕಳ ಶಾಲೆಯಲ್ಲಿ ಮೇಷ್ಟ್ರಾಗುತ್ತಾನೆ. ಮದುವೆಗೆ ಮುನ್ನ ಒಬ್ಬನೇ ಸೋಯಿಚಿರೊ ಸಮಾಧಿಗೆ ಹೋಗುತ್ತಾನೆ. ಕ್ಯೋಕೊ ಮರೆಯಲ್ಲಿ ನಿಂತು ಕೇಳುತ್ತಿರುವುದು ಅವನಿಗೆ ತಿಳಿಯದು. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದು ಅವನು ಒಪ್ಪಿಕೊಳ್ಳುತ್ತಾನೆ. ತಾನು ಪ್ರೀತಿಸಿದ ಕ್ಯೋಕೊಳ ಮನಸ್ಸಿನಲ್ಲಿ ಮೊದಲ ದಿನದಿಂದಲೂ ಅವರು ಇದ್ದರು. ಆದ್ದರಿಂದ ಅವರನ್ನೂ ಸೇರಿಸಿಯೇ ಅವಳನ್ನು ಸ್ವೀಕರಿಸುವೆ ಎನ್ನುತ್ತಾನೆ. ಕ್ಯೋಕೊ ಅವನ ಮುಂದೆ ಇಡುವುದು ಒಂದೇ ಬೇಡಿಕೆ: ತನಗಿಂತ ಒಂದು ದಿನವಾದರೂ ಹೆಚ್ಚು ಬದುಕಿರಬೇಕು.

ಈಗ ಆ ಸೊನ್ನೆಗೆ ಬರೋಣ. ಸೊನ್ನೆಗೆ ಬೆಲೆಯಿಲ್ಲ ಎಂದು ಮಕ್ಕಳು ಹೇಳುವುದುಂಟು. ಆದರೆ 105ರ ನಡುವಿನ ಸೊನ್ನೆ ತೆಗೆದರೆ ಉಳಿಯುವುದು 15. ಸೊನ್ನೆ ಒಂದು ಸ್ಥಾನವನ್ನು ಹಿಡಿದಿಟ್ಟಿರುತ್ತದೆ. ಅದನ್ನು ಅಳಿಸಿದರೆ ಪಕ್ಕದ ಅಂಕಿಯ ಬೆಲೆಯೂ ಕುಸಿಯುತ್ತದೆ. ಮನೆಯಲ್ಲಿ ಇಲ್ಲವಾದವರ ಸ್ಥಾನವೂ ಹೀಗೆಯೇ.

ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಗು ಇರುವ ಮನೆಗಳಲ್ಲಿ ಎಷ್ಟೋ ಸಲ ಫೋಟೊ ಒಳಗೆ ಹೋಗುತ್ತದೆ. ಮಗು ಹೆಸರೆತ್ತಿದರೆ ಹಿರಿಯರು ಮಾತು ಮರೆಸುತ್ತಾರೆ. ಮನೆಗೆ ಹೊಸ ತಾಯಿಯೋ ತಂದೆಯೋ ಬಂದರಂತೂ ಹಳೆಯ ಹೆಸರು ಪೂರ್ತಿ ನಿಂತೇಹೋಗುತ್ತದೆ. ಒಳ್ಳೆಯ ಉದ್ದೇಶವೇ, ಅನುಮಾನವಿಲ್ಲ. ಆದರೆ ಹೊಸಬರನ್ನು ಪ್ರೀತಿಸಬೇಕಾದರೆ ಹೋದವರನ್ನು ಮರೆಯಲೇಬೇಕು ಎಂದು ಮಗು ತಿಳಿದರೆ, ಅದು ಎರಡೂ ಕಡೆ ಸೋಲುತ್ತದೆ. ಅಂಥ ಮನೆಗೆ ಬಂದವರೇ ಒಂದು ದಿನ ‘ನಿನ್ನ ಅಮ್ಮ ಹೇಗಿದ್ದರು, ಹೇಳು’ ಎಂದು ಕೇಳಿದರೆ ಸಾಕು. ಗೊಡಾಯ್ ಸಮಾಧಿಯ ಮುಂದೆ ಮಾಡಿದ್ದು ಅದನ್ನೇ. ತರಗತಿಯಲ್ಲಿ ಅಂಥ ಗೆಳೆಯನೊಬ್ಬನಿದ್ದರೆ ವಿದ್ಯಾರ್ಥಿಗಳೂ ಅದನ್ನು ಮಾಡಬಹುದು.