ಕುದುರೆಯ ಹೊಟ್ಟೆಯ ಹುಳುಗಳನ್ನೆಲ್ಲ ಏಕೆ ಕೊಲ್ಲಬಾರದು?

ಜಂತುಹುಳುವಿನ ಔಷಧಿಯ ಬಗ್ಗೆ ನಮ್ಮಲ್ಲಿರುವ ಕಲ್ಪನೆ ಸರಳ: ವರ್ಷಕ್ಕೆ ಇಷ್ಟು ಸಲ ಎಂದು ಲೆಕ್ಕ ಹಾಕಿ, ಹುಳು ಇರಲಿ ಬಿಡಲಿ, ಎಲ್ಲರಿಗೂ ಕೊಟ್ಟುಬಿಡುವುದು. ಕುದುರೆ ಸಾಕುವವರೂ ದಶಕಗಳಿಂದ ಇದನ್ನೇ ಮಾಡುತ್ತಾ ಬಂದಿದ್ದಾರೆ. ಆದರೆ ಪರೋಪಜೀವಿ ತಜ್ಞರು ಈಗ ಬೇರೆಯದೇ ಸಲಹೆ ಕೊಡುತ್ತಿದ್ದಾರೆ. ಎಲ್ಲ ಕುದುರೆಗಳಿಗೂ ಪದೇಪದೇ ಔಷಧಿ ಕೊಡಬೇಡಿ, ಒಂದಷ್ಟು ಹುಳುಗಳು ಬದುಕಿಕೊಳ್ಳಲಿ ಎನ್ನುತ್ತಾರೆ ಅವರು. ಇದೇನು ವಿಚಿತ್ರ?

ಎರಡು ತಿಂಗಳಿಗೊಮ್ಮೆ ಎಂಬ ನಿಯಮ ಬಂದದ್ದು ಹೀಗೆ

ಈ ಪದ್ಧತಿ ಶುರುವಾದಾಗ ಅದಕ್ಕೆ ಸರಿಯಾದ ಕಾರಣವೇ ಇತ್ತು. ಆಗ ಕುದುರೆಗಳ ದೊಡ್ಡ ಶತ್ರು ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಎಂಬ ಹುಳು. ಅದರ ಮರಿಗಳು ಕರುಳಿಗೆ ರಕ್ತ ಒಯ್ಯುವ ಅಪಧಮನಿಯೊಳಗೆ ಸೇರಿಕೊಂಡು ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತವೆ. ಹೊಟ್ಟೆಶೂಲೆಯಿಂದ ಒದ್ದಾಡಿ ಕುದುರೆ ಸಾಯಲೂಬಹುದು. 1966ರಲ್ಲಿ ಅಮೆರಿಕದ ಕೆಂಟಕಿಯ ಸಂಶೋಧಕರಾದ ಡ್ರಡ್ಜ್ ಮತ್ತು ಲಯನ್ಸ್, ಎರಡು ತಿಂಗಳಿಗೊಮ್ಮೆ ಔಷಧಿ ಕೊಡುವ ಕ್ರಮವನ್ನು ಸೂಚಿಸಿದರು. ಈ ಹುಳು ಬೆಳೆದು ಮೊಟ್ಟೆ ಇಡಲು ಸುಮಾರು ಆರು ತಿಂಗಳು ಬೇಕು. ಅಷ್ಟರೊಳಗೆ ಮತ್ತೆ ಮತ್ತೆ ಔಷಧಿ ಬಿದ್ದರೆ ಅದರ ವಂಶ ಮುಂದುವರಿಯುವುದೇ ಇಲ್ಲ. ಉಪಾಯ ಫಲಿಸಿತು. ಅನೇಕ ಫಾರಂಗಳಲ್ಲಿ ಈ ಹುಳು ಹೆಚ್ಚುಕಡಿಮೆ ಮಾಯವೇ ಆಯಿತು.

ಆದರೆ ಅದೇ ಕರುಳಿನಲ್ಲಿ ಇನ್ನೊಂದು ಗುಂಪಿತ್ತು: ಸುಮಾರು ಐವತ್ತು ಜಾತಿಗಳ ಸಣ್ಣ ಸ್ಟ್ರಾಂಗೈಲ್‌ಗಳು. ಇವುಗಳ ಜೀವನಚಕ್ರ ಚಿಕ್ಕದು, ಪೀಳಿಗೆಗಳು ಬೇಗ ಉರುಳುತ್ತವೆ. ಎರಡು ತಿಂಗಳಿಗೊಮ್ಮೆ ಬೀಳುತ್ತಿದ್ದ ಔಷಧಿ ಇವುಗಳ ಮೇಲೆ ಬೇರೆಯದೇ ಪರಿಣಾಮ ಬೀರಿತು.

ಹುಳು ಔಷಧಿಗೆ ಒಗ್ಗಿಹೋಗುತ್ತದೆಯೇ?

ಹಾಗೆಂದು ನಾವು ಹೇಳುತ್ತೇವೆ, ಆದರೆ ನಡೆಯುವುದು ಅದಲ್ಲ. ಯಾವ ಹುಳುವೂ ಔಷಧಿ ಕುಡಿದು ಕುಡಿದು ಗಟ್ಟಿಯಾಗುವುದಿಲ್ಲ. ಲಕ್ಷಾಂತರ ಹುಳುಗಳಲ್ಲಿ ಕೆಲವು, ಜೀನ್‌ನಲ್ಲಿರುವ ಸಣ್ಣ ವ್ಯತ್ಯಾಸದಿಂದಾಗಿ ಮೊದಲೇ ಔಷಧಿಗೆ ಬಗ್ಗದಂತಿರುತ್ತವೆ. ಔಷಧಿ ಉಳಿದವನ್ನು ಕೊಲ್ಲುತ್ತದೆ, ಇವು ಉಳಿದು ಮೊಟ್ಟೆ ಇಡುತ್ತವೆ. ಇದೇ ಮತ್ತೆ ಮತ್ತೆ ನಡೆದರೆ ಹುಲ್ಲುಗಾವಲಿನ ತುಂಬ ಅವುಗಳ ಸಂತಾನವೇ.

ಕುದುರೆಗಳಲ್ಲಿ ಸ್ಟ್ರಾಂಗೈಲ್‌ಗಳ ವಿರುದ್ಧ ಬಳಸುವ ಔಷಧಿಗಳಲ್ಲಿ ಮೂರು ಕುಟುಂಬಗಳಿವೆ. ಫೆನ್‌ಬೆಂಡಜೋಲ್ ಇರುವ ಬೆಂಜಿಮಿಡಜೋಲ್ ಕುಟುಂಬಕ್ಕೆ ಸಣ್ಣ ಸ್ಟ್ರಾಂಗೈಲ್‌ಗಳು ಜಗತ್ತಿನ ಬಹುಭಾಗದಲ್ಲಿ ಜಗ್ಗುತ್ತಿಲ್ಲ. ಪೈರಾಂಟೆಲ್ ಕೂಡ ಹಲವೆಡೆ ಸೋತಿದೆ. ಉಳಿದದ್ದು ಐವರ್ಮೆಕ್ಟಿನ್ ಮತ್ತು ಮಾಕ್ಸಿಡೆಕ್ಟಿನ್ ಇರುವ ಕುಟುಂಬ. ಅಲ್ಲೂ ಬಿರುಕು ಬಿಟ್ಟಿದೆ: ಔಷಧಿ ಕೊಟ್ಟ ಮೇಲೆ ಲದ್ದಿಯಲ್ಲಿ ಮೊಟ್ಟೆಗಳು ಮತ್ತೆ ಕಾಣಿಸಿಕೊಳ್ಳಲು ಹಿಂದೆ ಹಿಡಿಯುತ್ತಿದ್ದಷ್ಟು ಸಮಯ ಈಗ ಹಿಡಿಯುತ್ತಿಲ್ಲ. ಐವರ್ಮೆಕ್ಟಿನ್ ಬಂದದ್ದು 1980ರ ದಶಕದಲ್ಲಿ. ಆಮೇಲೆ ಸ್ಟ್ರಾಂಗೈಲ್‌ಗಳ ವಿರುದ್ಧ ಕುದುರೆಗಳಿಗೆ ಹೊಸ ಕುಟುಂಬದ ಔಷಧಿಯೇ ಬಂದಿಲ್ಲ.

(ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಬೆಂಜಿಮಿಡಜೋಲ್ ಕುಟುಂಬದ್ದೇ. ಆದರೆ ಮಕ್ಕಳ ಹೊಟ್ಟೆಯ ಹುಳುಗಳು ಬೇರೆ, ಆ ಕಾರ್ಯಕ್ರಮದ ಲೆಕ್ಕಾಚಾರವೂ ಬೇರೆ. ಕುದುರೆಯ ಕತೆ ಓದಿ ಮಕ್ಕಳ ಮಾತ್ರೆ ತಪ್ಪಿಸಬೇಡಿ.)

ಲದ್ದಿ ಹೇಳುವ ಲೆಕ್ಕ

ಒಂದೇ ಗುಂಪಿನ ಕುದುರೆಗಳಲ್ಲೂ ಹುಳುಗಳು ಸಮನಾಗಿ ಹಂಚಿಕೆಯಾಗಿರುವುದಿಲ್ಲ. ವಯಸ್ಕ ಕುದುರೆಗಳಲ್ಲಿ ಸುಮಾರು ಶೇ. 20ರಷ್ಟು ಮಾತ್ರವೇ ಒಟ್ಟು ಮೊಟ್ಟೆಗಳ ಶೇ. 80ರಷ್ಟನ್ನು ಹೊರಹಾಕುತ್ತವೆ. ಲದ್ದಿಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಒಂದು ಗ್ರಾಂನಲ್ಲಿ ಎಷ್ಟು ಮೊಟ್ಟೆಗಳಿವೆ ಎಂದು ಎಣಿಸಿದರೆ ಆ ಕುದುರೆಗಳು ಯಾವುವೆಂದು ತಿಳಿಯುತ್ತದೆ. ಸಾಮಾನ್ಯವಾಗಿ 200ಕ್ಕಿಂತ ಕಡಿಮೆ ಇದ್ದರೆ ಅಲ್ಪ, 500 ದಾಟಿದರೆ ಹೆಚ್ಚು ಎನ್ನುತ್ತಾರೆ. ಹೆಚ್ಚಿರುವವಕ್ಕೆ ಔಷಧಿ ಕೊಟ್ಟರೆ ಹುಲ್ಲುಗಾವಲಿನ ಹೊರೆ ಇಳಿಯುತ್ತದೆ. ಉಳಿದ ಕುದುರೆಗಳಲ್ಲಿರುವ, ಔಷಧಿಗೆ ಬಗ್ಗುವ ಹುಳುಗಳು ಬದುಕಿದ್ದು, ಬಗ್ಗದ ಹುಳುಗಳ ಸಂತಾನ ಮೇಲುಗೈ ಸಾಧಿಸದಂತೆ ತಡೆಯುತ್ತವೆ. ಕೆಲವು ಹುಳುಗಳನ್ನು ಬಿಡಿ ಎನ್ನುವುದು ಇದಕ್ಕೇ.

ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದೂ ಇದೇ ಎಣಿಕೆಯಿಂದ. ಕೊಡುವ ಮುನ್ನ 1,000 ಇದ್ದ ಮೊಟ್ಟೆಗಳು 14 ದಿನಗಳ ನಂತರ 400 ಆದರೆ, ಇಳಿಕೆ ಶೇ. 60 ಮಾತ್ರ. ಫೆನ್‌ಬೆಂಡಜೋಲ್ ಸರಿಯಾಗಿ ಕೆಲಸ ಮಾಡಿದ್ದರೆ ಮೊಟ್ಟೆಗಳು ಬಹುತೇಕ ಇರಲೇಬಾರದಿತ್ತು. ಕಣ್ಣಂದಾಜಿನಲ್ಲಿ ಕಡಿಮೆ ಪ್ರಮಾಣ ಕೊಟ್ಟಿದ್ದರೂ ಹೀಗಾಗಬಹುದು, ಆದ್ದರಿಂದ ತೂಕವನ್ನು ಅಳೆದೇ ಕೊಡಬೇಕು. ಇನ್ನೊಂದು ನಂಬಿಕೆ, ಪ್ರತಿ ಸಲ ಔಷಧಿ ಬದಲಿಸಿದರೆ ಸಾಕು ಎಂಬುದು. ಎಣಿಕೆಯಿಲ್ಲದೆ ಬದಲಿಸುತ್ತಾ ಹೋದರೆ ಸೋತ ಔಷಧಿ ಯಾವುದೆಂದೇ ಗೊತ್ತಾಗುವುದಿಲ್ಲ.

ಕಾಲವೂ ಮುಖ್ಯ. ಹುಲ್ಲೆಲ್ಲ ಒಣಗಿದ ಕಡುಬೇಸಿಗೆಯಲ್ಲಿ ಹೊರಗಿನ ಮರಿಹುಳುಗಳು ಹೆಚ್ಚಾಗಿ ಸತ್ತಿರುತ್ತವೆ. ಆಗ ಎಲ್ಲ ಕುದುರೆಗಳಿಗೂ ಔಷಧಿ ಕೊಟ್ಟರೆ, ಮಳೆ ಬಂದ ಮೇಲೆ ಹುಲ್ಲುಗಾವಲನ್ನು ತುಂಬುವುದು ಔಷಧಿಯನ್ನು ಗೆದ್ದ ಹುಳುಗಳ ಮರಿಗಳೇ. ಲದ್ದಿಯನ್ನು ವಾರಕ್ಕೆರಡು ಸಲ ಎತ್ತುವುದು, ದನ ಅಥವಾ ಕುರಿಗಳನ್ನು ಸರದಿಯಲ್ಲಿ ಮೇಯಿಸುವುದು, ಹೊಸ ಕುದುರೆಯನ್ನು ಪರೀಕ್ಷಿಸಿಯೇ ಗುಂಪಿಗೆ ಬಿಡುವುದು: ಇವು ಔಷಧಿಯ ಅಗತ್ಯವನ್ನೇ ಕಡಿಮೆ ಮಾಡುತ್ತವೆ.

ಹಾಗಾದರೆ ಔಷಧಿ ಬೇಡವೇ?

ಬೇಕು. ಡೆನ್ಮಾರ್ಕ್ 1999ರಲ್ಲಿ ಪಶುವೈದ್ಯರ ಚೀಟಿಯಿಲ್ಲದೆ ಈ ಔಷಧಿ ಸಿಗದಂತೆ ಮಾಡಿತು. ಎಣಿಕೆ ನೋಡಿ ಔಷಧಿ ಕೊಡುವುದು ಅಲ್ಲಿ ರೂಢಿಯಾಯಿತು. ಆದರೆ ಹೀಗೆ ಆರಿಸಿ ಕೊಟ್ಟ ಫಾರಂಗಳಲ್ಲಿ ಆ ಹಳೆಯ ಶತ್ರು ಸ್ಟ್ರಾಂಗೈಲಸ್ ವಲ್ಗ್ಯಾರಿಸ್ ಹೆಚ್ಚಾಗಿ ಕಂಡುಬಂತೆಂದು 2012ರ ಅಧ್ಯಯನವೊಂದು ತೋರಿಸಿತು. ಎಣಿಕೆಗೂ ಮಿತಿಯಿದೆ: ಮೊಟ್ಟೆ ಇಡದ ಮರಿಹುಳುಗಳು ಅದರಲ್ಲಿ ಕಾಣುವುದಿಲ್ಲ, ಕಂಡ ಮೊಟ್ಟೆ ದೊಡ್ಡ ಹುಳುವಿನದೋ ಸಣ್ಣದರದೋ ಎಂದು ನೋಡಿದ ಮಾತ್ರಕ್ಕೆ ಹೇಳಲಾಗುವುದಿಲ್ಲ. ಹಾಗಾಗಿ ವಯಸ್ಕ ಕುದುರೆಗಳೆಲ್ಲಕ್ಕೂ ವರ್ಷಕ್ಕೆ ಒಂದೆರಡು ಸಲ ಔಷಧಿ, ಅದಕ್ಕಿಂತ ಹೆಚ್ಚು ಬೇಕಾದವಕ್ಕೆ ಎಣಿಕೆ ನೋಡಿ ಎಂಬುದು ಈಗಿನ ಸಲಹೆ. ಮರಿಗಳ ವಿಷಯ ಬೇರೆ: ಅವುಗಳನ್ನು ಕಾಡುವ ದುಂಡುಹುಳು ಐವರ್ಮೆಕ್ಟಿನ್‌ಗೆ ಬಗ್ಗದಿರುವುದು 2002ರಲ್ಲೇ ನೆದರ್ಲೆಂಡ್ಸ್‌ನಿಂದ ವರದಿಯಾಗಿದೆ. ಅವಕ್ಕೆ ಯಾವ ಔಷಧಿ, ಯಾವಾಗ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು.