ಮೊದಲು ಬಿಳಿ ಹಾಳೆ, ಆಮೇಲೆ ಲೇಬಲ್ ಹಾಳೆ



ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್‌ಗಳನ್ನು ಈ ಸಲ ನಾವೇ ಶಾಲೆಯ ಕಂಪ್ಯೂಟರಿನಲ್ಲಿ ಮಾಡಿದೆವು. ಆದರೆ ಮುದ್ರಿಸಿದಾಗ ಏನಾಯ್ತು? ಮೇಲಿನ ಸಾಲಿನಲ್ಲಿದ್ದ ನನ್ನ ಹೆಸರಿನ ಒತ್ತಕ್ಷರ ಕೆಳಗಿನ ಗೆಳತಿಯ ಲೇಬಲ್ಲಿಗೆ ಹೋಗಿ ಕೂತಿತ್ತು! ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಎರಡು ಹಾಳೆ, ಅಂದರೆ 48 ಲೇಬಲ್ ಹಾಳಾಯ್ತು. ಅದು ನಾವೆಲ್ಲ ಕೂಡಿಸಿದ ದುಡ್ಡು.

ಕೆಲವರು ಕಂಪ್ಯೂಟರ್ ಸರಿಯಿಲ್ಲ ಅಂದರು. ನಾನು ಒಪ್ಪುವುದಿಲ್ಲ. ತಪ್ಪು ನಮ್ಮ ಅವಸರದ್ದು. ಎ4 ಹಾಳೆಯ ಅಗಲ 210 ಮಿ.ಮೀ., ಉದ್ದ 297 ಮಿ.ಮೀ. ನಮ್ಮ ಹಾಳೆಯಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 8 ಲೇಬಲ್. ಒಂದೊಂದೂ 70 ಮಿ.ಮೀ. ಅಗಲ, 37 ಮಿ.ಮೀ. ಎತ್ತರ. ಲಿಬ್ರೆ ಆಫೀಸ್ ರೈಟರಿನಲ್ಲಿ ಈ ಅಳತೆಯನ್ನು ಸರಿಯಾಗೇ ಕೊಟ್ಟಿದ್ದೆವು. ಆದರೆ ಮುದ್ರಿಸುವಾಗ ಶೇಕಡಾ 100 ಅಳತೆ ಇಡಲಿಲ್ಲ. ಹಾಳೆಯೊಳಗೆ ಹಿಡಿಸಲು ಪ್ರಿಂಟರ್ ಎಲ್ಲವನ್ನೂ ಸ್ವಲ್ಪ ಕುಗ್ಗಿಸಿತು. ಅದಕ್ಕೇ ಮೇಲಿನ ಅಕ್ಷರಗಳು ಕೆಳಗೆ ಜಾರಿದವು.

ಅಂಗಿ ಹೊಲಿಯುವ ಮೊದಲು ದರ್ಜಿ ಅಳತೆ ನೋಡೋದಿಲ್ವೇ? ಹಾಗೆಯೇ ನಾವೂ ಮೊದಲು ಬಿಳಿ ಹಾಳೆಯಲ್ಲಿ ಒಂದು ಪ್ರತಿ ತೆಗೆಯಬೇಕು. ಅದನ್ನು ಲೇಬಲ್ ಹಾಳೆಗೆ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಅದೇ ಪ್ರತಿಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರು ಓದಿ ತಪ್ಪು ತಿದ್ದಬೇಕು. ಬಿಳಿ ಹಾಳೆ ಹಾಳಾದರೆ ಹಿಂದುಗಡೆ ಲೆಕ್ಕ ಮಾಡಬಹುದು. ಲೇಬಲ್ ಹಾಳಾದರೆ ಏನು ಮಾಡೋಣ?

ಹೆಸರು ಚಿಕ್ಕದಿರಲಿ, ದೊಡ್ಡದಿರಲಿ, ಪೂರ್ತಿ ಇರಬೇಕು. ಇದು ನನ್ನ ಅಭಿಪ್ರಾಯ. ನೀವೇನಂತೀರಿ?

– ಏಳನೇ ತರಗತಿಯ ವಿದ್ಯಾರ್ಥಿನಿ