ದೀಪ ಆರಿದರೂ ಆರದ ವಿದ್ಯುತ್ತು

ಹತ್ತನೆಯ ತರಗತಿಯ ಬಳಿಕ ಐ.ಟಿ.ಐ. ಸೇರಿ ಹೊಸೂರಿನಂತಹ ಕೈಗಾರಿಕಾ ಪಟ್ಟಣದಲ್ಲಿ ಉದ್ಯೋಗ ಅರಸುವ ವಿದ್ಯಾರ್ಥಿಗಳು ಅರಿತಿರಬೇಕಾದ ಯಂತ್ರಗಳಲ್ಲಿ ವಿ.ಎಫ್.ಡಿ. ಒಂದು. ಕಾರ್ಖಾನೆಯವರು ಇದನ್ನು ಡ್ರೈವ್ ಎಂದಷ್ಟೇ ಕರೆಯುವುದುಂಟು. ವಿದ್ಯುತ್ತಿನ ಆವರ್ತನವನ್ನು ಬದಲಿಸಿ ಮೋಟಾರಿನ ವೇಗವನ್ನು ನಿಯಂತ್ರಿಸುವುದೇ ಇದರ ಕೆಲಸ.

ಇದರೊಳಗೆ ಮುಖ್ಯವಾಗಿ ಮೂರು ಅಂಗಗಳಿವೆ. 415 ವೋಲ್ಟಿನ ಮೂರು ಫೇಸ್ ವಿದ್ಯುತ್ತನ್ನು ಡಯೋಡುಗಳು ಡಿ.ಸಿ.ಯಾಗಿ ಮಾರ್ಪಡಿಸುತ್ತವೆ. ಕೆಪಾಸಿಟರುಗಳು ಅದನ್ನು ಸುಮಾರು 580 ವೋಲ್ಟಿನಲ್ಲಿ ಸಂಗ್ರಹಿಸುತ್ತವೆ. ಐಜಿಬಿಟಿ ಎಂಬ ಆರು ಸ್ವಿಚ್ಚುಗಳು ಅದನ್ನು ಮತ್ತೆ ಎ.ಸಿ.ಯಾಗಿಸಿ ಮೋಟಾರಿಗೆ ನೀಡುತ್ತವೆ.

ಪ್ರಾಣಾಪಾಯವಿರುವುದು ನಡುವಣ ಅಂಗದಲ್ಲಿ. ಮುಖ್ಯ ಸ್ವಿಚ್ಚನ್ನು ತೆಗೆದು ಪರದೆಯ ದೀಪ ಆರಿದ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಆದುದರಿಂದ ಸ್ವಿಚ್ಚಿಗೆ ಬೀಗ ಹಾಕಿ, ಡ್ರೈವಿನ ಮೇಲೆ ಮುದ್ರಿಸಿರುವಷ್ಟು ನಿಮಿಷ ಕಾಯಬೇಕು. ಅನಂತರ ಸೂಕ್ತ ಮಲ್ಟಿಮೀಟರಿನಿಂದ ಡಿ.ಸಿ. ತುದಿಗಳನ್ನು ಅಳೆದು, ವೋಲ್ಟೇಜು ಇಳಿದಿರುವುದನ್ನು ಖಚಿತಪಡಿಸಿಕೊಂಡೇ ಕೈಯಿಡಬೇಕು.

ಪರೀಕ್ಷೆಗೆ ಮುನ್ನ ಒಳಬರುವ ತಂತಿಗಳನ್ನೂ ಮೋಟಾರಿನ ತಂತಿಗಳನ್ನೂ ಬಿಡಿಸಬೇಕು. ಮೀಟರನ್ನು ಡಯೋಡ್ ಪರೀಕ್ಷೆಗೆ ಇರಿಸಿ, ಡಿ.ಸಿ. ತುದಿಗೂ ಪ್ರತಿಯೊಂದು ಫೇಸಿನ ತುದಿಗೂ ನಡುವೆ ಅಳೆಯಬೇಕು. ಒಂದು ದಿಕ್ಕಿನಲ್ಲಿ ಅರ್ಧ ವೋಲ್ಟಿನ ಆಸುಪಾಸು ತೋರಿ, ವಿರುದ್ಧ ದಿಕ್ಕಿನಲ್ಲಿ ಪ್ರವಾಹ ಹರಿಯದಿದ್ದರೆ ಅದು ಸರಿ. ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಆ ಭಾಗ ಶಾರ್ಟ್ ಆಗಿದೆ. ಮೂರು ಫೇಸುಗಳ ಅಳತೆಗಳು ಹೆಚ್ಚುಕಡಿಮೆ ಒಂದೇ ಆಗಿರಬೇಕು. ಎಲ್ಲವೂ ಸರಿ ಕಂಡರೂ ಐಜಿಬಿಟಿಗಳನ್ನು ನಡೆಸುವ ಸರ್ಕ್ಯೂಟಿನಲ್ಲಿ ದೋಷವಿರಬಹುದೆಂಬುದನ್ನು ಮರೆಯಲಾಗದು. ಡ್ರೈವ್ ಜೋಡಿಸಿರುವಾಗ ಮೆಗ್ಗರ್ ಬಳಸಿದರೆ ಒಳಗಿನ ಭಾಗಗಳು ಕೆಡಬಹುದು.

ಕೆಟ್ಟ ಭಾಗವನ್ನು ಬದಲಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಧೂಳು ತುಂಬಿ ನಿಂತ ಫ್ಯಾನು, ಬಿಸಿಗೆ ಉಬ್ಬಿದ ಕೆಪಾಸಿಟರು, ನಿರೋಧಕ ಹೊದಿಕೆ ಹಾಳಾದ ಮೋಟಾರಿನ ಕೇಬಲ್ ಇವುಗಳನ್ನು ಹುಡುಕದೆ ಹೊಸ ಐಜಿಬಿಟಿ ಜೋಡಿಸಿದರೆ, ಮೊದಲ ಚಾಲನೆಯಲ್ಲೇ ಅದೂ ಸುಟ್ಟುಹೋಗಬಹುದು.

ಉತ್ಪಾದನೆ ನಿಂತಾಗ ಮೇಲಿನವರು ಅವಸರಿಸುವುದು ಸಹಜ. ಕಲಿಯಲು ಸೇರಿದ ಹುಡುಗನಾಗಲಿ ಹುಡುಗಿಯಾಗಲಿ ಆಗ “ಇನ್ನೂ ಅಳೆದಿಲ್ಲ” ಎಂದು ಹೇಳುವ ಧೈರ್ಯ ತೋರಬೇಕು. ಆ ಮಾತಿಗೆ ಅಂಜಬಾರದೆಂದು ಮನೆಯ ಹಿರಿಯರು ಮೊದಲೇ ಹೇಳಿಕೊಟ್ಟಿದ್ದರೆ ಅದು ಮಕ್ಕಳ ಪ್ರಾಣಕ್ಕೆ ಕಾವಲಾಗುತ್ತದೆ.